ಎಡಗಡೆಯ ಬಾಗಿಲು

ನನ್ನ ವಯಸ್ಸಿನ ಹೆಂಗಸರು ಮುಂಬಯಿಯಲ್ಲಿ ಸೊಂಟಕ್ಕೆ ಪಟ್ಟಿ ಕೊಳ್ಳುತ್ತಾರೆ, ಕಾಶಿಗೆ ಟಿಕೆಟ್ ಕೊಳ್ಳುತ್ತಾರೆ. ನಾನು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡೆ. ಕೆಂಪು ಬಣ್ಣದ್ದು, ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿರುವುದು. ಅದನ್ನೂ ಒಂದು ಸುತ್ತು ಓಡಿಸಿ ನೋಡದೆ ಕೊಂಡೆ. ಆಫೀಸಿನವರು ಕಾರು ಕೊಂಡದ್ದನ್ನು ಕ್ಷಮಿಸಿದರು, ಓಡಿಸಿ ನೋಡದೆ ಕೊಂಡದ್ದನ್ನು ಕ್ಷಮಿಸಲಿಲ್ಲ.

ಅವ್ವ ಇರುವವರೆಗೆ ನಮ್ಮ ಮನೆಯಲ್ಲಿ ಐದು ಸೀಟಿನ ಹಳೆಯ ಕಾರಿತ್ತು. ಅವಳನ್ನು ಆಸ್ಪತ್ರೆಗೂ ಮಾಟುಂಗದ ದೇವಸ್ಥಾನಕ್ಕೂ ಕರೆದೊಯ್ಯುವುದೇ ಅದರ ಕೆಲಸ. ಅವಳು ಹೋದ ಮೇಲೆ ವಿಕ್ರೋಳಿಯ ನಮ್ಮ ಮನೆಯಿಂದ ಅದರಲ್ಲಿ ಒಬ್ಬಳೇ ಹೊರಟರೆ ಖಾಲಿ ಸೀಟುಗಳೇ ಕಣ್ಣಿಗೆ ಬೀಳುತ್ತಿದ್ದವು. ಪಕ್ಕದಲ್ಲಿ ಒಂದು, ಕನ್ನಡಿ ತುಂಬ ಉಳಿದವು. ಕೊನೆಗೆ ಮಾರಿಬಿಟ್ಟೆ. ಆಮೇಲೊಮ್ಮೆ ಕಾಫಿಪುಡಿ ತರಲು ಮಾಟುಂಗಕ್ಕೆ ಹೋದಾಗ, ಒಂದು ಬಿಲ್ಡಿಂಗಿನ ಕೆಳಗೆ ಮಾರಾಟದ ಚೀಟಿ ಅಂಟಿಸಿಕೊಂಡು ಈ ಕೆಂಪು ಕಾರು ನಿಂತಿತ್ತು. ಇದರಲ್ಲಾದರೆ ಖಾಲಿ ಉಳಿಯುವುದು ಒಂದೇ ಸೀಟು ಎಂದುಕೊಂಡೆ. ಮನುಷ್ಯರು ಇದಕ್ಕಿಂತ ಹಗುರವಾದ ಕಾರಣಕ್ಕೆ ಮದುವೆಯನ್ನೇ ಆಗಿದ್ದಾರೆ.

ಮಾರುವವರು ಸದಾನಂದಣ್ಣ, ಹೋಟೆಲು ನಡೆಸಿ ಈಗ ಮನೆಯಲ್ಲಿ ಕೂತ ಉಡುಪಿ ಕಡೆಯ ಹಿರಿಯರು. ಆ ತಗ್ಗು ಸೀಟಿನಿಂದ ಏಳಲು ಅವರ ಮಂಡಿ ಒಪ್ಪುತ್ತಿರಲಿಲ್ಲ. "ಕಾರಿನ ಬಗ್ಗೆ ಗೊತ್ತಿದ್ದವರು ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಮ್ಮ. ಒಂದು ರೌಂಡು ಹೋಗಿ ನೋಡಿ. ಹಾಗೇ ತಗೊಳ್ಬಾರ್ದು," ಎಂದರು.

"ರವಿವಾರ ನನ್ನ ತಮ್ಮನ್ನ ಕರ್ಕೊಂಡು ಬರ್ತೀನ್ರೀ," ಎಂದುಬಿಟ್ಟೆ. ನನಗೆ ತಮ್ಮನೇ ಇಲ್ಲ.

ನಮ್ಮ ಗದಗಿನ ಕಡೆ ದನದ ಸಂತೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಎತ್ತಿನ ಹಲ್ಲು ನೋಡಲು ಒಬ್ಬ, ನಡೆಸಿ ನೋಡಲು ಒಬ್ಬ, ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಲು ಇನ್ನೊಬ್ಬ ಬೇಕು. ಹೆಣ್ಣು ನೋಡಲು ಹೋಗುವಾಗಲೂ ಇದೇ ದಂಡು. ಎತ್ತಿಗಾಗಲಿ ಹೆಣ್ಣಿಗಾಗಲಿ ಅದರಿಂದ ಏನು ಪ್ರಯೋಜನವಾಯಿತೋ ತಿಳಿಯದು. ಆದರೆ ಕೊಳ್ಳುವವನ ಹಿಂದೆ ನಾಲ್ಕು ಜನ ಇದ್ದಾರೆಂದು ಊರಿಗೆ ಗೊತ್ತಾಗುತ್ತಿತ್ತು. ಆ ವಾರವೆಲ್ಲ ನಾನು ಮೊಬೈಲಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ಸರಿಸಿದೆ. ಪ್ಲಂಬರ್ ಇದ್ದ, ಗ್ಯಾಸಿನವನಿದ್ದ, ಅವ್ವನ ಡಾಕ್ಟರು ಮೂವರಿದ್ದರು. 'ರವಿವಾರ ನನ್ನ ಜೊತೆ ಬರ್ತೀರಾ' ಎಂದು ಕೇಳಬಹುದಾದವರು ಸಿಗಲಿಲ್ಲ.

ಭಾನುವಾರ ಒಬ್ಬಳೇ ಹೋದೆ. ತಮ್ಮ ಫೋಟೋ ನೋಡಿಯೇ ಒಪ್ಪಿದ್ದಾನೆ, ಓಡಿಸಿ ನೋಡುವುದೇನೂ ಬೇಡ ಎಂದೆ. ಸದಾನಂದಣ್ಣ ನನ್ನ ಹಿಂದೆ ರಸ್ತೆಯ ಕಡೆಗೊಮ್ಮೆ ನೋಡಿ, ಏನೂ ಕೇಳದೆ ಕೀಲಿ ಕೈಗಿಟ್ಟರು.

ಕಾರು ಚೆನ್ನಾಗಿಯೇ ಓಡಿತು. ಹೈವೇಯ ಟ್ರಾಫಿಕ್ಕಿನಲ್ಲಿ ಅದು ಎರಡನೇ ಗೇರಿನಲ್ಲಿ ಗುರುಗುಟ್ಟುತ್ತಿದ್ದರೆ ರಿಕ್ಷಾಗಳು ಪಕ್ಕದಿಂದ ಆರಾಮವಾಗಿ ದಾಟಿ ಹೋಗುತ್ತಿದ್ದವು. ಪರ್ಸು, ತರಕಾರಿ ಚೀಲ ಎಲ್ಲ ನನ್ನ ಕಡೆಯಿಂದಲೇ ಆಚೆ ಸೀಟಿಗೆ ಹೋಗುತ್ತಿದ್ದವು. ಹೀಗೆ ತಿಂಗಳುಗಳು ಕಳೆದವು.

ಒಂದು ಗುರುವಾರ ರಿಕ್ಷಾ ಮುಷ್ಕರ. ಮೇಲಿನ ಮಹಡಿಯ ಸಾವಂತ್ ಕಾಕೂ ಗೇಟಿನ ಬಳಿ ಹೂವಿನ ಚೀಲ ಹಿಡಿದು ನಿಂತಿದ್ದರು. ಅವರ ಕುಕ್ಕರಿನ ಸೀಟಿ ನನಗೆ ವರ್ಷಗಳಿಂದ ಪರಿಚಿತ, ಅವರು ಅಲ್ಲ. ಸಾಯಿ ಮಂದಿರದವರೆಗೆ ಬಿಡುವೆಯಾ ಎಂದು ಕೇಳಿದರು. ಎಡಗಡೆಯ ಬಾಗಿಲಿನ ಹಿಡಿ ಎಳೆದರು. ಮತ್ತೆ ಎಳೆದರು. "ಸುಧಾತಾಯಿ, ದರವಾಜಾ ಉಘಡತ್ ನಾಹೀ," ಬಾಗಿಲು ತೆರೆಯುತ್ತಿಲ್ಲ ಎಂದು ಮರಾಠಿಯಲ್ಲಿ ಕೂಗಿದರು. ನಾನು ಒಳಗಿನಿಂದ ತಳ್ಳಿದೆ. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಕಾಕೂ ಸೀರೆ ಎತ್ತಿ ಕಟ್ಟಿ ನನ್ನ ಬಾಗಿಲಿನಿಂದ ನುಗ್ಗಿ, ಗೇರಿನ ಮೇಲಿಂದ ದಾಟಿ, ಅರ್ಧದಲ್ಲಿ ಸಿಕ್ಕಿಕೊಂಡು ನಗತೊಡಗಿದರು. ವಾಚ್‌ಮನ್ ಮುಖ ಆಚೆ ತಿರುಗಿಸಿದ. ನಾನೂ ನಕ್ಕೆ. ಅವ್ವ ಹೋದ ಮೇಲೆ ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಅವರನ್ನು ಇಳಿಸಿ, ಇಳಿಸುವಾಗಲೂ ಅದೇ ಸರ್ಕಸ್ಸು, ಸದಾನಂದಣ್ಣನಿಗೆ ಫೋನು ಹಚ್ಚಿದೆ. ಕೆಟ್ಟ ಬಾಗಿಲಿನ ಕಾರು ಕೊಟ್ಟಿರಲ್ಲ ಎಂದು ದಬಾಯಿಸುವ ಉದ್ದೇಶವಿತ್ತು. ಎಡಗಡೆಯ ಬಾಗಿಲು ತೆರೆಯುವುದೇ ಇಲ್ಲ ಎಂದೆ.

"ಹೌದಾ ಅಮ್ಮ? ನನಗೆ ಗೊತ್ತೇ ಇರ್ಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ತಗೊಂಡ ಕಾರು ಅದು. ಆ ಬದಿ ಯಾರೂ ಕೂತದ್ದೇ ಇಲ್ಲ."

ಮೂರು ತಿಂಗಳು ನನಗೂ ಗೊತ್ತಾಗಲಿಲ್ಲವಲ್ಲ, ದಬಾಯಿಸುವುದು ಹೇಗೆ? ಅವರೇ ಕೇಳಿದರು, "ಇವತ್ತು ಯಾರು ಕೂತದ್ದು? ತಮ್ಮನಾ?"

"ತಮ್ಮ ಇಲ್ರೀ ನನಗ," ಎಂದೆ. "ಮ್ಯಾಲಿನ ಮನಿ ಸಾವಂತ್ ಕಾಕೂ."

"ಒಳ್ಳೇದಾಯ್ತು," ಎಂದರು, ಕಾಕೂ ತಮಗೂ ಬೇಕಾದವರು ಎಂಬಂತೆ.

ಮೆಕ್ಯಾನಿಕ್ ಬಾಗಿಲು ಬಿಚ್ಚಿ, ಒಳಗೆ ಜಾರಿ ಬಿದ್ದಿದ್ದ ಒಂದು ಕಡ್ಡಿಯನ್ನು ಸಿಕ್ಕಿಸಿ ಕೊಟ್ಟ. ಈಗ ಪ್ರತಿ ಗುರುವಾರ ಕಾಕೂ ನನ್ನನ್ನು ಕೇಳದೆಯೇ ಬಾಗಿಲು ತೆಗೆದು ಕೂರುತ್ತಾರೆ. ಸೀಟು ತಗ್ಗಾಯಿತು ಎನ್ನುತ್ತಾರೆ, ಬ್ರೇಕು ಮೊದಲೇ ಒತ್ತಬಾರದೇ ಎನ್ನುತ್ತಾರೆ, ಸೊಸೆಯ ಅಡುಗೆಯ ದೂರು ಮಂದಿರದವರೆಗೂ ಮುಗಿಯುವುದಿಲ್ಲ. ನನ್ನ ಒಂಟಿತನ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಅದು ಇದ್ದಲ್ಲೇ ಇದೆ. ಗುರುವಾರ ಮಾತ್ರ ಅದಕ್ಕೆ ಕೂರಲು ಜಾಗವಿರುವುದಿಲ್ಲ.