ಸಮತಾಳ ಬಲಮೊಣಕಾಲು

ಸಮತಾಳ ಹೆಸರು ನಾನು ಮೊದಲು ಕೇಳಿದ್ದು ಓಣಿಯ ನಳದ ಹತ್ತಿರ. ಕೊಡ ತುಂಬಿ ಹರಿಯುತ್ತಿದ್ದರೂ ನೋಡದೆ ಶಾರವ್ವ ಕೂಗಿದಳು, "ಏ ಅಕ್ಕಾ, ಚಿಕ್ಕೇರೂರಿನ ಗುತ್ತೆವ್ವನ ಮಗಳು ಹಾಕಿ ಆಡಾಕ ಇಂಡಿಯಾದ ಟೀಮಿಗೆ ಸೇರ್ಯಾಳಂತ! ವಿಮಾನದಾಗ ಹೊಂಟಾಳಂತ!"

"ಕೋಲು ಹಿಡಕೊಂಡು ಓಡಾಕ ವಿಮಾನ ಯಾಕ ಬೇಕ? ನಮ್ಮ ದನಾ ಕಾಯೋರು ದಿನಾ ಓಡ್ತಾರ" ಎಂದೆ. ನಳದ ಹತ್ತಿರ ಇದ್ದವರೆಲ್ಲ ನಕ್ಕರು.

ಎರಡು ವರ್ಷದ ಮೇಲೆ ಆ ಹುಡುಗಿ ರಟ್ಟೀಹಳ್ಳಿಯ ನಮ್ಮ ಮನೆಗೇ ಬಂದಳು, ತಾಯಿಯ ಹೆಗಲ ಮೇಲೆ ಕೈ ಹಾಕಿ, ಕುಂಟುತ್ತ. ನಮ್ಮ ಮನೆಯವರು ಎಲುಬು ಕಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂದಿತ್ತು. ನಾನು ಓದಿದ್ದು ಎರಡನೇ ಇಯತ್ತೆ. ಆದರೆ ಎಲುಬು ಎಲ್ಲಿ ಸರಿದಿದೆ ಎಂದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು.

ರಜೆಗೆ ಬಂದವಳು ಶಾಲೆಯ ಮಕ್ಕಳಿಗೆ ಆಟ ಹೇಳಿಕೊಡುವಾಗ ಬಲಮೊಣಕಾಲು ತಿರುಚಿಕೊಂಡಿದ್ದಳು. ಹಿರೇಕೆರೂರಿನ ಡಾಕ್ಟರು ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಲು ಚೀಟಿ ಬರೆದಿದ್ದರು. ಹದಿನೈದು ದಿನಕ್ಕೆ ಟೀಮಿನ ಕ್ಯಾಂಪಿತ್ತು.

"ಸ್ಕ್ಯಾನ್ ಮಾಡಿಸಿದ್ರ ಟೀಮಿನವರಿಗೆ ತೋರಸಬೇಕಾಕೈತಿ ಆಯಿ. ಹೆಸರು ಹೊಡದ ಹಾಕ್ತಾರ. ಈ ಸಲ ಬಿಟ್ರ ಮತ್ತ ಕರಿಯೂದಿಲ್ಲ" ಎಂದಳು ಸಮತಾ.

ಗುತ್ತೆವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. "ಎದಕ್ಕೂ ಒಮ್ಮೆ ಹುಬ್ಬಳ್ಳಿಗೂ ತೋರಸೂಣೇನ್ರಿ ಅಕ್ಕಾರ?"

ನಮ್ಮ ಮನೆತನದ ಕಟ್ಟಳೆ, ಒಂದು ಕಾಲಿಗೆ ಎರಡು ಕೈ ಬೀಳಬಾರದು. ಡಾಕ್ಟರು ನೋಡುವುದಾದರೆ ನಾವು ಕಟ್ಟುವುದಿಲ್ಲ. ನಾವು ಕಟ್ಟಿದರೆ ಒಂಬತ್ತು ದಿನ ಬೇರೆ ಯಾರೂ ಬಿಚ್ಚುವಂತಿಲ್ಲ.

"ಹೋಗೂದಾದ್ರ ಹೋಗ್ರಿ. ನಾ ಮುಟ್ಟೂದಿಲ್ಲ" ಎಂದೆ.

ಸಮತಾ ಚೀಟಿ ಮಡಚಿ ತಾಯಿಯ ಕೈಗೆ ಕೊಟ್ಟು ಕಾಲು ಚಾಚಿದಳು. ಒತ್ತಿ ನೋಡಿದೆ. ಎಲುಬು ಎಲ್ಲೂ ಸರಿದಿರಲಿಲ್ಲ. "ಉಳುಕು, ಅಷ್ಟ" ಎಂದೆ. ಎಲುಬನ್ನು ಹಿಡಿದಿಡುವ ಪಟ್ಟಿ ಒಳಗೇ ಹರಿದರೆ ಬೆರಳಿಗೆ ತಿಳಿಯುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ತತ್ತಿಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದೆ.

ಹತ್ತನೇ ದಿನಕ್ಕೆ ಬಾವು ಇಳಿದಿತ್ತು. ಅಂಗಳದಲ್ಲಿ ಓಡಿ ತೋರಿಸಿದಳು. ತಿರುಗುವಾಗ ಒಮ್ಮೆ ತಡೆದು ನಿಂತಳು. ನಾನು ಅದನ್ನು ಕಂಡೆ. ಕಂಡೂ, "ಬಿಗಿ ಐತಿ, ಸಡಲ ಆಕೈತಿ. ಹೋಗವಾ" ಎಂದೆ.

ಕ್ಯಾಂಪು ಮುಗಿದ ಮೇಲಿನ ಮೊದಲ ಪಂದ್ಯವನ್ನು ಗುತ್ತೆವ್ವನ ಮನೆಯಲ್ಲಿ ಮೊಬೈಲಿನಲ್ಲಿ ನೋಡಿದೆವು. ಚೆಂಡಿನ ಹಿಂದೆ ಓಡಿದವಳು ಗಕ್ಕನೆ ತಿರುಗಿದಳು. ಯಾರೂ ಮುಟ್ಟಿರಲಿಲ್ಲ, ತಾನೇ ಬಿದ್ದಳು. "ಏಳ ನನ್ನವ್ವಾ, ಎದ್ದೇಳ" ಎಂದು ಗುತ್ತೆವ್ವ ಮೊಬೈಲಿಗೆ ಹೇಳುತ್ತಲೇ ಇದ್ದಳು. ಮಗಳನ್ನು ಸ್ಟ್ರೆಚರಿನ ಮೇಲೆ ಹೊತ್ತು ಒಯ್ದರು.

ಎರಡು ಆಪರೇಷನ್ ಆದವು. ಒಳಗಿನ ಪಟ್ಟಿ ಮೊದಲು ಅರ್ಧ ಹರಿದಿತ್ತು, ಆಡಿದ್ದಕ್ಕೆ ಪೂರ್ತಿ ಹೋಯಿತು ಎಂದು ಡಾಕ್ಟರು ಹೇಳಿದರಂತೆ. ಇಂಡಿಯಾದ ಟೀಮಿನಲ್ಲಿ ಅವಳು ಆಡಿದ್ದು ಹನ್ನೊಂದೇ ಪಂದ್ಯ. ಆಗ ಅವಳಿಗೆ ಇಪ್ಪತ್ಮೂರು ವರ್ಷ. ಮತ್ತೆ ಯಾರೂ ಕರೆಯಲಿಲ್ಲ. ಈಗ ಹಾನಗಲ್ಲಿನ ಒಂದು ಶಾಲೆಯಲ್ಲಿ ಆಟದ ಟೀಚರು. ನಿಂತಲ್ಲೇ ಸೀಟಿ ಊದುತ್ತಾಳೆ.

ಹೋದ ಬೇಸಿಗೆಯಲ್ಲಿ ಬಂದಿದ್ದಳು. ಮಡಚಲು ಬಾರದ ಕಾಲನ್ನು ಚಾಚಿಕೊಂಡು ಕಟ್ಟೆಯ ಮೇಲೆ ಕುಳಿತಳು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಬೈಯೂದಾದ್ರ ಬೈಯವಾ."

"ಬೈದ್ರ ಕಾಲು ಬರ್ತೈತೇನ ಆಯಿ? ಮತ್ತ ಚೀಟಿ ಮಡಚಿದಾಕಿ ನಾನ."

ಅಷ್ಟರಲ್ಲಿ ಒಬ್ಬ ಗಂಡಸು ಮಗಳನ್ನು ಎತ್ತಿಕೊಂಡು ಬಂದ. ಶಾಲೆಯಲ್ಲಿ ಜಾರಿ ಬಿದ್ದಿದ್ದಳಂತೆ, ಮೊಣಕಾಲು ಬಾತಿತ್ತು. ನಾನು ಎದ್ದೆ, ಕೈ ಆಗಲೇ ಮುಂದೆ ಹೋಗಿತ್ತು. ಸಮತಾ ನನ್ನ ಮುಂಗೈ ಹಿಡಿದಳು.

"ಆಯಿ, ನಿನ್ನ ಕಾಲಿಗೆ ಬೀಳ್ತೇನಿ. ಇದನ್ನ ಮುಟ್ಟಬ್ಯಾಡ. ಹುಬ್ಬಳ್ಳಿಗೆ ಕಳಸು."