ಬಾಯಿ ತೆರೆದ ಚೀಲ

ಗಡಿಯಾರ ರಿಪೇರಿಯವನ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ. ವಾರವೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಚಕ್ರಗಳನ್ನು ಕೂರಿಸುವವನು, ರಜೆ ಬಂತೆಂದರೆ ಕ್ಯಾಮೆರಾ ಹಿಡಿದು ಹಳ್ಳದ ದಂಡೆಗೆ ಓಡುತ್ತಿದ್ದ. ಕಪ್ಪೆ, ಓತಿಕ್ಯಾತ, ಹಾವುರಾಣಿ ಅಂದರೆ ಪ್ರಾಣ. ಎತ್ತಿದ ಕಲ್ಲನ್ನು ಮಗು ಮಲಗಿಸಿದ ಹಾಗೆ ಮತ್ತೆ ಅಲ್ಲೇ ಇಡುತ್ತಿದ್ದ. ಇಷ್ಟು ನಾಜೂಕಿನ ಮಹಾರಾಯ ತನ್ನ ಚೀಲದ ಜಿಪ್ ಎಳೆಯುವುದನ್ನು ಮಾತ್ರ ಮರೆಯುತ್ತಿದ್ದ.

ಹೆಂಡತಿಗೋ, ಗೋಡೆಯ ಹಲ್ಲಿ ಲೊಚಗುಟ್ಟಿದರೂ ಜೀವ ಬಾಯಿಗೆ ಬರುತ್ತಿತ್ತು. "ಕಪ್ಪೆಗಿರೋ ಭಾಗ್ಯ ನನಗಿಲ್ಲ. ನಂದೊಂದು ಫೋಟೊ ತೆಗೆದಿದ್ದೀರಾ?" ಎಂದು ಗೊಣಗುತ್ತಲೇ ಅವನ ಚೀಲದ ಮಣ್ಣು ಕೊಡವುವವಳೂ ಅವಳೇ.

ಆ ಮಧ್ಯಾಹ್ನ ಅವನು ಹಿಂಬಾಗಿಲಲ್ಲಿ ನಿಂತು ಬೆಳಗಿನ ಫೋಟೊಗಳನ್ನು ಕ್ಯಾಮೆರಾದಲ್ಲೇ ನೋಡುತ್ತಿದ್ದ. ಕೊನೆಯದರಲ್ಲಿ ಕಪ್ಪೆ ಸೊಗಸಾಗಿ ಬಂದಿತ್ತು. ಅದರ ಹಿಂದೆ, ನೆಲದ ಮೇಲೆ, ಬಾಯಿ ತೆರೆದ ಚೀಲ. ದೊಡ್ಡದು ಮಾಡಿ ನೋಡಿದ. ಚೀಲದೊಳಕ್ಕೆ ಒಂದು ಬಾಲ ಇಳಿಯುತ್ತಿತ್ತು. ಕಂದು ಮೈ, ಸರಪಳಿಯಂಥ ಮಚ್ಚೆ. ಕೊಳಕುಮಂಡಲದ ಮರಿ! ಮರಿಯಾದರೂ ವಿಷ ವಿಷವೇ.

ತಲೆ ಎತ್ತಿದ. ಎದುರಿನ ಮೆಟ್ಟಿಲ ಮೇಲೆ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಅದೇ ಚೀಲ, ಅವಳ ಕೈ ಮೊಣಕೈವರೆಗೂ ಅದರೊಳಗೆ.

ಹಾವು ಅಂದರೆ ಸಾಕು, ಹೌಹಾರಿ ಕೈ ಜಾಡಿಸುತ್ತಾಳೆ. ಜಾಡಿಸಿದರೆ ಅದು ಕಚ್ಚುತ್ತದೆ. ಅವನು ಕ್ಯಾಮೆರಾವನ್ನು ಕಣ್ಣಿಗೆತ್ತಿದ.

"ಏ, ಹಾಗೇ ಇರು. ಕೈನೂ ಅಲ್ಲಾಡಿಸಬೇಡ. ನಿನ್ನ ಫೋಟೊ ತೆಗೀತೀನಿ."

"ಈ ಅವತಾರದಲ್ಲಾ?" ಎಂದಳು. ಆದರೂ ಅಲುಗದೆ ಕೂತು, ಕ್ಯಾಮೆರಾ ನೋಡಿ ನಕ್ಕಳು.

"ನನ್ನನ್ನೇ ನೋಡು. ಇನ್ನೊಂಚೂರು."

ಅವಳ ಮೊಣಕೈ ಪಕ್ಕದಲ್ಲೇ ಚಪ್ಪಟೆ ತಲೆಯೊಂದು ಮೇಲೆದ್ದಿತು. ನಿಂತಿತು. ಅವನಿಗೆ ಉಸಿರು ಬಿಡಲೂ ಭಯ. ಅದು ಮೆಲ್ಲಗೆ ಚೀಲದಂಚು ದಾಟಿ, ಮೆಟ್ಟಿಲಿಳಿದು ಕಳೆಗಿಡಗಳಲ್ಲಿ ಮರೆಯಾಯಿತು.

"ಆಯ್ತೇನ್ರೀ? ನಕ್ಕೂ ನಕ್ಕೂ ಕೆನ್ನೆ ನೋಯ್ತಿದೆ."

"ಆಯ್ತು. ಎದ್ದು ಒಳಗೆ ಬಾ."

ಅವಳು ಬಂದು ಕ್ಯಾಮೆರಾ ಕಿತ್ತುಕೊಂಡು ನೋಡಿದಳು. ಅದರಲ್ಲಿದ್ದದ್ದು ಕಪ್ಪೆ ಮಾತ್ರ. ಅವನು ಗುಂಡಿಯನ್ನೇ ಒತ್ತಿರಲಿಲ್ಲ. ಬೈಯಲು ಬಾಯಿ ತೆರೆದವಳು ಅವನ ಕೈ ಕಂಡು ತಡೆದಳು.

"ಯಾಕ್ರೀ ಹೀಗೆ ನಡುಗ್ತಿದ್ದೀರಿ?"

ಅವನು ಅವಳ ಅಂಗೈ ಹಿಡಿದು, ಒಂದೊಂದೇ ಬೆರಳನ್ನು ಹೊರಳಿಸಿ ಹೊರಳಿಸಿ ನೋಡತೊಡಗಿದ.