ಇಂಟರ್‌ನೆಟ್ಟಿನಲ್ಲಿ ಸಿಗದ ವಿಮಾನ

ಈ ವಯಸ್ಸಿನಲ್ಲಿ ಹಳೆಯ ಕಥೆ ಹೇಳುವುದು ಸ್ವಲ್ಪ ರಿಸ್ಕಿ ವ್ಯವಹಾರ. ತಡವರಿಸಿದರೆ ಮರೆವು ಅನ್ನುತ್ತಾರೆ. ಸೊಗಸಾಗಿ ಹೇಳಿದರೆ ಕಟ್ಟಿ ಹೇಳುತ್ತಿದ್ದಾಳೆ ಅನ್ನುತ್ತಾರೆ. ನಾನು ಸಿಕ್ಕಿಬಿದ್ದದ್ದು ಸೊಗಸಾಗಿ ಹೇಳಿ.

ಮದುವೆಯಾದ ಹೊಸದರಲ್ಲಿ ಯಜಮಾನರ ಕಾನ್ಫರೆನ್ಸಿಗೆಂದು ಫ್ರಾನ್ಸಿಗೆ ಹೋಗಿದ್ದಾಗ, ಒಂದು ಸಣ್ಣ ಊರಿಂದ ಇನ್ನೊಂದಕ್ಕೆ ಏರ್ ಮಿಮೋಸಾ ಎಂಬ ಕಂಪನಿಯ ವಿಮಾನ ಹತ್ತಿದ್ದೆವು. ಮಂಡ್ಯದ ಪ್ರೈವೇಟ್ ಬಸ್ಸಿಗೆ ರೆಕ್ಕೆ ಹಚ್ಚಿದಂತಿತ್ತು. ಸೂಟ್‌ಕೇಸು ತುಂಬಿದವನೂ ಪೈಲಟ್ಟೇ. ಆಮೇಲೆ ವಿಮಾನ ಒಂದು ಕಡೆ ವಾಲಬಾರದೆಂದು, ಪ್ರಯಾಣಿಕರ ಗಾತ್ರ ನೋಡಿ ನೋಡಿ ಕೂರಿಸಿದ. ನನ್ನನ್ನು ಕಂಡು ಬಹಳ ಮರ್ಯಾದೆಯಿಂದ, "ಮದಾಮ್, ಸ್ವಲ್ಪ ಹಿಂದಕ್ಕೆ" ಎಂದ. ಕಾನ್ವೆಂಟಿನ ಸಿಸ್ಟರು ನಮಗೆ ಫ್ರೆಂಚಿನಲ್ಲಿ ಥ್ಯಾಂಕ್ಸ್ ಹೇಳುವುದನ್ನು ಕಲಿಸಿದ್ದರೇ ಹೊರತು ಜಗಳವಾಡುವುದನ್ನಲ್ಲ. ಥ್ಯಾಂಕ್ಸ್ ಹೇಳಿ ಹಿಂದೆ ಹೋದೆ. ಕಡ್ಡಿಯಂತಿದ್ದ ಯಜಮಾನರು ಮುಂದೆ ಕೂತವರು, ಒಮ್ಮೆಯೂ ತಿರುಗಿ ನೋಡಲಿಲ್ಲ. ನಡುದಾರಿಯಲ್ಲಿ ಎಂಜಿನ್ನು ಕೆಮ್ಮಿತು. ಪೈಲಟ್ ಪಕ್ಕದವನಿಗೆ ವಿಮಾನ ಒಪ್ಪಿಸಿ ಎದ್ದು ಬಂದು, ನಗುನಗುತ್ತ ಎಲ್ಲರಿಗೂ ಪೆಪ್ಪರ್‌ಮಿಂಟ್ ಹಂಚಿ ಹೋದ.

ಮೊನ್ನೆ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ ಊರಿನ ಮಗಳ ಮನೆಯಲ್ಲಿ, ಊಟದ ಮೇಜಿನಲ್ಲಿ ಇದನ್ನು ಹೇಳಿದೆ. ಮೊಮ್ಮಗಳು ತಾರಾ ಫೋನು ಒತ್ತಿ, "ಅಜ್ಜೀ, ದೇರ್ ಈಸ್ ನೋ ಸಚ್ ಏರ್‌ಲೈನ್" ಎಂದಳು. ನನ್ನ ಮಗಳು ವೀಣಾ ಸೌಟು ಕೆಳಗಿಟ್ಟಳು.

"ಅಮ್ಮಾ, ವಾಲ್ನಟ್ ಕ್ರೀಕಲ್ಲಿ ಒಬ್ರು ಮೆಮೊರಿ ಡಾಕ್ಟ್ರಿದಾರೆ. ಜಸ್ಟ್ ಒಂದು ಚೆಕಪ್ಪು, ಅಷ್ಟೇ."

"ನಿಮ್ಮಪ್ಪ ಇದ್ದಿದ್ರೆ ಸಾಕ್ಷಿ ಹೇಳ್ತಿದ್ರು ಕಣೇ."

"ಅಪ್ಪ ತಿರುಗೇ ನೋಡ್ಲಿಲ್ಲ ಅಂತ ನೀನೇ ಹೇಳಿದ್ಯಲ್ಲಮ್ಮಾ!"

ಊಟ ಮುಗಿಯುವಷ್ಟರಲ್ಲಿ ಅಪಾಯಿಂಟ್‌ಮೆಂಟೂ ಆಗಿಹೋಯಿತು. ಡಾಕ್ಟರಿಗೆ ನಾನು ಹೆದರುವವಳಲ್ಲ. ಆದರೆ ಆ ವಿಮಾನವೇ ಸುಳ್ಳಾದರೆ, ಮುಂದಿನ ಸೀಟಿನ ಮೇಲೆ ಕಾಣುತ್ತಿದ್ದ, ಎಣ್ಣೆ ಹಚ್ಚಿ ಬಾಚಿದ ಆ ಕಪ್ಪು ತಲೆಯೂ ಸುಳ್ಳಾಗಬೇಕಲ್ಲ. ಅದಕ್ಕೆ ಮಾತ್ರ ನಾನು ತಯಾರಿರಲಿಲ್ಲ.

ಹಟ ಹಿಡಿದು ತಾರಾಳ ಪಕ್ಕದಲ್ಲೇ ಕೂತೆ. ಇಳಿದ ಊರಿನ ಹೆಸರು ಹೇಳಿದೆ, ವಿಮಾನದ ಬಾಲದ ಮೇಲಿದ್ದ ಹಳದಿ ಹೂವನ್ನು ವರ್ಣಿಸಿದೆ. ಕೊನೆಗೆ ಆ ಊರಿನವರು ಯಾರೋ ಬರೆದಿಟ್ಟ ಚರಿತ್ರೆ ಸಿಕ್ಕಿತು. ಭಾವ ಭಾವಮೈದ ಸೇರಿ ಒಂದೇ ವಿಮಾನದಿಂದ ಶುರುಮಾಡಿದ ಕಂಪನಿಯಂತೆ. ನಾವು ಹಾರಿದ ಸ್ವಲ್ಪ ದಿನಕ್ಕೇ ದೊಡ್ಡ ಕಂಪನಿಯೊಂದು ಕೊಂಡುಕೊಂಡು ಹೂವಿನ ಮೇಲೆ ತನ್ನ ಬಣ್ಣ ಬಳಿಯಿತು, ಹೆಸರು ಬದಲಿಸಿತು. ಅದನ್ನು ಇನ್ನೊಂದು ನುಂಗಿತು. ಮತ್ತೆ ಹೊಸ ಹೆಸರು. ಈಗ ಅದೂ ಇಲ್ಲ. ಪಾಪ, ತವರಿನ ಹೆಸರು ಹಿಡಿದು ಹುಡುಕಿದರೆ ನಾನೇ ಎಲ್ಲೂ ಸಿಗುವುದಿಲ್ಲ, ಇನ್ನು ಅದು ಹೇಗೆ ಸಿಕ್ಕೀತು?

"ಅಮ್ಮಾ, ಅಜ್ಜಿ ವಾಸ್ ರೈಟ್!" ತಾರಾ ಕೂಗಿದಳು. ವೀಣಾ ಅಲ್ಲೇ ನಿಂತು ಅಪಾಯಿಂಟ್‌ಮೆಂಟು ಕ್ಯಾನ್ಸಲ್ ಮಾಡಿದಳು.

ನಾನು ಗೆದ್ದ ಗತ್ತಿನಲ್ಲಿ ಎದ್ದು ಅಡುಗೆಮನೆಗೆ ನಡೆದೆ. ಒಳಗೆ ಕಾಲಿಟ್ಟ ಮೇಲೆ, ಯಾಕೆ ಬಂದೆನೆಂಬುದು ಏನು ಮಾಡಿದರೂ ನೆನಪಾಗಲಿಲ್ಲ. ಬರಿಗೈಯಲ್ಲಿ ಹಿಂತಿರುಗುವ ಸಮಯ ಅದಾಗಿರಲಿಲ್ಲ. ಪೆಪ್ಪರ್‌ಮಿಂಟಿನ ಡಬ್ಬಿ ಕೈಗೆ ಸಿಕ್ಕಿತು. ತಂದು, ನಗುನಗುತ್ತ ಎಲ್ಲರಿಗೂ ಹಂಚಿದೆ.

ಆ ಪೈಲಟ್ ಅಂದು ಯಾಕೆ ಅಷ್ಟು ನಗುತ್ತಿದ್ದನೆಂದು ಈಗ ಅರ್ಥವಾಗಿದೆ.